ಆಶೀರ್ವಾದವೇ ಉಡುಗೊರೆ

"ಬರ್ತ್‌ಡೇ ಕಾರ್ಡಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಹಾಕಿದ್ರೆ ಒಂದು ನರಪಿಳ್ಳೆನೂ ಬರಲ್ಲ, ಮೇಡಂ," ಎಂದರು ಮುದ್ರಣಾಲಯದ ಶಿವಯೋಗಪ್ಪ.

ಹರಸಿದವರ ಆಯುಷ್ಯ ಹರಸಿಕೊಂಡವರಿಗೆ ಹೋಗತೊಡಗಿದ ಮೇಲೆ "ನೂರ್ಕಾಲ ಬಾಳು" ಎಂಬ ಮಾತು ಯಾರ ಬಾಯಿಂದಲೂ ಬರುತ್ತಿರಲಿಲ್ಲ. ಜನ "ಹ್ಯಾಪಿ ಬರ್ತ್‌ಡೇ" ಎಂದಷ್ಟೇ ಹೇಳಿ, ಆಟಿಕೆ ಕೊಟ್ಟು, ಕೇಕ್ ತಿಂದು ಹೋಗುತ್ತಿದ್ದರು.

ಮಗಳನ್ನು ದಿನವೂ ಚೂರುಚೂರು ಹರಸಿ ಮೂವತ್ತಕ್ಕೇ ತಲೆ ನರೆತಿದ್ದ ಭಾಮಿನಿ ಮುಂಗಡದ ಹಣ ಎಣಿಸಿ ಮೇಜಿನ ಮೇಲಿಟ್ಟಳು. ವೈದ್ಯರು ಎಂದೋ ಕೈಚೆಲ್ಲಿದ್ದ ಪುಟ್ಟ ಇಂಚರ, ಅವಳ ತೊಡೆಯ ಮೇಲೆ ಏದುಸಿರು ಬಿಡುತ್ತಾ ಕಾರ್ಡಿನ ಬಣ್ಣ ಆರಿಸುತ್ತಿದ್ದಳು.

"ಆಟಿಕೆ ಬೇಡ. ಹಾಗೇ ಹಾಕಿ," ಎಂದಳು ಭಾಮಿನಿ.

"ಆಯ್ತು. ಮಗು ಅಪ್ಪನ ಹೆಸ್ರು?"

"ದಿವಂಗತ ಅಂತ ಸೇರಿಸಿ. ಹೋದ್ವರ್ಷ ಇವಳ ಬರ್ತ್‌ಡೇಗೆ ಮನೆ ತುಂಬ ನೆಂಟ್ರಿದ್ರು. ಬಾಯ್ತುಂಬ ಹರಸಿದ್ದು ಅವರೊಬ್ಬರೇ."