ಗೊತ್ತಿದ್ದ ಹುಡುಗ

"ನನ್ನ ಬಂದೂಕನ್ನ ಯಾರಿಗೆ ಮಾರಬೇಕು ಅಂತ ಕಂಪ್ಯೂಟರ್ ಹೇಳಬೇಕಾ?" ವೆಂಡೆಲ್ ಸ್ಕಾರ್ ಮೈಕಿನ ಮುಂದೆ ಗುಡುಗಿದ. "ದಾರೀಲಿ ಹೋಗೋರಿಗೆಲ್ಲ ಮಾರೋನಲ್ಲ ನಾನು. ಗೊತ್ತಿದ್ದೋರಿಗೆ ಮಾತ್ರ ಕೊಡೋದು."

ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಅಂಗಡಿಯಲ್ಲಿ ಬಂದೂಕು ಕೊಂಡರೆ ಕೊಳ್ಳುವವನ ಪೂರ್ವಾಪರದ ತಪಾಸಣೆ ಉಂಟು, ಕೋರ್ಟು-ಪೊಲೀಸ್ ದಾಖಲೆಗಳ ಕಂಪ್ಯೂಟರ್‌ನಲ್ಲಿ. ಮನೆಯಲ್ಲಿ ಕೈಯಿಂದ ಕೈಗೆ ದಾಟಿಸಿದರೆ ಇಲ್ಲ. ಇನ್ನು ಅಲ್ಲೂ ಬೇಕು ಎನ್ನುವ ಮಸೂದೆಯ ಬಗ್ಗೆ ಜನ ಏನನ್ನುತ್ತಾರೆಂದು ಕೇಳಲು ಮೂವರು ಶಾಸಕರು ಅಮೆರಿಕದ ಮೊಂಟಾನಾ ರಾಜ್ಯದ ಆ ಪುಟ್ಟ ಊರಿಗೆ ಬಂದಿದ್ದರು.

ವೆಂಡೆಲ್‌ಗೆ ಬರಲು ಮನಸ್ಸೇ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ದನಗಳ ಹರಾಜಿನ ಕೊಟ್ಟಿಗೆಯಲ್ಲಿ ಐದು ಜನರನ್ನು ಕೊಂದ ರೈಫಲ್ ಅವನು ಮಾರಿದ್ದು. 'ನಿಂದೇನೂ ತಪ್ಪಿಲ್ಲ, ಬಂದು ಅದನ್ನೇ ಹೇಳು' ಎಂದು ಬೇಟೆ ಕ್ಲಬ್ಬಿನವರು ಎಳೆದು ತಂದಿದ್ದರು. ಎಲ್ಲರೆದುರು ಒಮ್ಮೆ ಹೇಳಿಬಿಟ್ಟರೆ ತಾನೂ ಅದನ್ನು ನಂಬಬಹುದು, ರಾತ್ರಿ ಕಣ್ಣು ಮುಚ್ಚಬಹುದು ಎಂಬ ಆಸೆ ಮುದುಕನಿಗೆ.

"ಬ್ರೆಟ್ ಗೊತ್ತಿದ್ನಾ ನಿನಗೆ?"

ಹಿಂದಿನ ಸಾಲಿನಿಂದ ಬಂದ ದನಿ. ಲೊರೆಟ್ಟಾ ವಾಸ್ ಎದ್ದು ನಿಂತಿದ್ದಳು, ಆ ಐವರನ್ನು ಕೊಂದು ತಾನೂ ಸತ್ತ ಹುಡುಗ ಬ್ರೆಟ್‌ನ ತಾಯಿ. ಅವಳ ಅಕ್ಕಪಕ್ಕದ ಕುರ್ಚಿಗಳಲ್ಲಿ ಯಾರೂ ಕೂತಿರಲಿಲ್ಲ.

"ಅವನು ಅಂಬೆಗಾಲಿಡ್ತಿದ್ದಾಗಿಂದ ನೋಡಿದೀನಿ ಕಣೆ," ವೆಂಡೆಲ್‌ನ ದನಿ ಇಳಿಯಿತು. "ಮೀನು ಹಿಡಿಯೋಕೆ ಕಲಿಸಿದ್ದೇ ನಾನು. ಬಂದ, ಕಾಫಿ ಕುಡಿದ, ಜಿಂಕೆ ಬೇಟೆಗೆ ರೈಫಲ್ ಬೇಕು ಅಂದ. ಅಮ್ಮ ಹೇಗಿದಾಳೆ ಅಂತ ಕೇಳ್ದೆ. ಚೆನ್ನಾಗಿದಾಳೆ ಅಂದ. ಗುಂಡಿನ ಡಬ್ಬಿ ಎರಡು ನಾನೇ ಪುಕ್ಕಟೆ ಕೊಟ್ಟೆ."

"ಮೊದಲು ಅಂಗಡಿಗೇ ಹೋಗಿದ್ದ. ಅವರು ಕಂಪ್ಯೂಟರ್ ನೋಡಿ, ಆಗಲ್ಲ ಅಂತ ವಾಪಸ್ ಕಳಿಸಿದ್ರು. ಸೀದಾ ನಿನ್ನ ಮನೆಗೆ ಬಂದ."

ವೆಂಡೆಲ್ ಮೈಕಿನ ಕಂಬ ಹಿಡಿದುಕೊಂಡ. "ನ್ಯಾಯಾಧೀಶರೇ ಅವನನ್ನ ಹುಚ್ಚಾಸ್ಪತ್ರೆಗೆ ಸೇರಿಸಿದ್ರು ಅಂತ ನಾನು ಪೇಪರ್‌ನಲ್ಲಿ ಓದಬೇಕಾಯ್ತು, ಲೊರೆಟ್ಟಾ! ನಿನ್ನ ಮನೆಗೂ ನನ್ನ ಮನೆಗೂ ನಡುವೆ ಒಂದು ಬೇಲಿ. ಒಂದು ಮಾತು ಹೇಳಿದ್ರೆ ಕೊಡ್ತಿದ್ನಾ ನಾನು?"

"ಹೇಳಲಿಲ್ಲ." ಅವಳು ತಲೆ ತಗ್ಗಿಸಲಿಲ್ಲ. "ಅವನು ಆಸ್ಪತ್ರೇಲಿದ್ದಾಗ, ಆರೆಗಾನ್‌ಗೆ ಮರ ಕಡಿಯೋ ಕೆಲಸಕ್ಕೆ ಹೋಗಿದಾನೆ ಅಂತ ಚರ್ಚಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ನಿನಗೂ ಹೇಳ್ದೆ. ಹುಡುಗ ದಾರಿಗೆ ಬಂದ ಅಂತ ನೀನು ಖುಷಿಪಟ್ಟೆ. ಮಾನ ಹೋಗುತ್ತಲ್ಲ ವೆಂಡೆಲ್, ಊರಿಗೆಲ್ಲ ಸುಳ್ಳು ಹೇಳ್ದೆ. ಆ ಕಂಪ್ಯೂಟರ್ ಒಂದಕ್ಕೇ ನನ್ನ ಸುಳ್ಳು ತಾಗಲಿಲ್ಲ."

ಸಮಯ ಮುಗಿಯಿತೆಂದು ಹೇಳಬೇಕಾದ ಶಾಸಕ ಮುಂದಿದ್ದ ಗಡಿಯಾರವನ್ನು ಬೋರಲು ಹಾಕಿದ.

ವೆಂಡೆಲ್ ಮೆಲ್ಲಗೆ ಜನರತ್ತ ತಿರುಗಿದ. ಅವನಿಂದ ಬಂದೂಕು ಕೊಂಡವರು ಆರು ಮಂದಿ ಅಲ್ಲೇ ಇದ್ದರು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋದ. ಇವರ ಮನೆಯಲ್ಲಿ ಏನು ನಡೆಯುತ್ತಿದೆಯೋ ತನಗೆ ಗೊತ್ತಿಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು.

ಆ ಆರು ಮಂದಿಯಲ್ಲಿ ಒಬ್ಬ, ಮೂರನೇ ಸಾಲಿನಲ್ಲಿದ್ದ ತಂದೆ, ಪಕ್ಕದಲ್ಲಿ ಕೂತಿದ್ದ ಮಗನ ಮೊಣಕಾಲ ಮೇಲೆ ಕೈಯಿಟ್ಟು, ವೆಂಡೆಲ್‌ನ ಕಣ್ಣು ತಪ್ಪಿಸಿ ನೆಲ ನೋಡತೊಡಗಿದ.