ಬ್ಯಾಟರಿ ಚೀಲ

“ಬ್ಯಾಟರಿ ಚೀಲ ಈ ಕಡೆ ಕೊಡಣ್ಣ,” ಎಂದು ತಂಗಿ ಕೈ ಚಾಚಿದಳು. ಟೈಲರ್ ಕೊಡಲಿಲ್ಲ. ಚೀಲವನ್ನು ಎದೆಗವಚಿಕೊಂಡು ಹೊಲಿಗೆ ಯಂತ್ರದ ಹಿಂದೆ ಕೂತೇ ಇದ್ದ. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡಬೇಕಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತ್ತು. ಇರುವುದು ಹಾಸ್ಟೆಲಿನಲ್ಲಿ, ಒಬ್ಬಳೇ.

ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಒಗ್ಗಿದ್ದು ಒಂದೇ ಫೋನು. ಒತ್ತಿದ್ದು ಬೆರಳಿಗೆ ಗೊತ್ತಾಗುವಂಥ ಬಟನ್‌ಗಳಿದ್ದ, ಯಾರ ಕರೆ, ಗಂಟೆ ಎಷ್ಟು, ಚಾರ್ಜ್ ಎಷ್ಟಿದೆ ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳುವ ಹಳೇ ಫೋನು. ಹೊಸ ಬಗೆಯ ಗಾಜಿನ ಫೋನನ್ನೂ ಅಣ್ಣ ಕೊಡಿಸಿ ನೋಡಿದ್ದ. “ಗೋಡೆ ಸವರಿದ ಹಾಗಿದೆ,” ಎಂದು ವಾಪಸು ಕೊಟ್ಟಿದ್ದಳು. ಹಳೇ ಫೋನಿನ ಬ್ಯಾಟರಿ ತಯಾರಾಗುವುದೇ ನಿಂತುಹೋಯಿತು ಎಂದು ತಿಳಿದ ದಿನ ಅವನು ಅಂಗಡಿಗೆ ಬೀಗ ಹಾಕಿ, ಊರೆಲ್ಲ ಅಲೆದು, ಸಿಕ್ಕಷ್ಟನ್ನು ಬಾಚಿಕೊಂಡು ಬಂದಿದ್ದ.

ಅಂದಿನಿಂದ ಅವುಗಳ ಆರೈಕೆ ಅವನದೇ. ದಪ್ಪ ಬಟ್ಟೆಯಲ್ಲಿ ಚೀಲ ಹೊಲಿದು, ಒಂದಕ್ಕೊಂದು ತಾಗದಂತೆ ಒಂದೊಂದಕ್ಕೂ ಒಂದೊಂದು ಜೇಬು ಮಾಡಿದ. ಸೂಜಿ, ಪಿನ್ನು ಸೋಕದ, ಇಸ್ತ್ರಿಪೆಟ್ಟಿಗೆಯ ಕಾವು ತಾಗದ ಮೂಲೆ ಹುಡುಕಿ ತೂಗುಹಾಕಿದ. ಆಗಾಗ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಚಾರ್ಜ್ ಮಾಡಿ ಮತ್ತೆ ಇಡುವನು. ಅಳತೆ ಕೊಡಲು ಬಂದವರಿಗೂ ಅದೇ ಪಾಠ: “ಎತ್ತಿಡೋ ಬ್ಯಾಟರಿಗೆ ಕಂಠಮಟ್ಟ ತುಂಬಿಸಬಾರದು, ಉಪವಾಸನೂ ಕೆಡವಬಾರದು. ಅರ್ಧ ಹೊಟ್ಟೆ ಊಟ ಸಾಕು.” ಇಡೀ ಬೀದಿಯಲ್ಲಿ ಇದನ್ನು ತಿಳಿದವನು ತಾನೊಬ್ಬನೇ ಎಂಬ ಜಂಭ ಅವನಿಗೆ. “ನನಗೂ ಇಷ್ಟು ಉಪಚಾರ ಮಾಡಿದ್ರೆ ಆಗ್ತಿತ್ತು,” ಎಂದು ಹೆಂಡತಿ ನಗುತ್ತಿದ್ದಳು.

“ಚೀಲ ಇಲ್ಲೇ ಇರಲಿ. ಬೇಕಾದಾಗ ನಾನೇ ತಂದುಕೊಡ್ತೀನಿ,” ಎಂದ ಈಗ.

“ಪ್ರತಿ ಸಲ ಬಸ್ಸು ಹತ್ತಿ ಬರ್ತೀಯಾ?”

“ಬರ್ತೀನಿ. ಇವನ್ನೆಲ್ಲ ನೀನು ಹೇಗೆ ನೋಡ್ಕೋತೀಯೆ? ಕಣ್ಣು ಕಾಣ...” ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

ತಂಗಿ ಸಿಟ್ಟಾಗಲಿಲ್ಲ. “ನೋಡ್ಕೊಳ್ಳೋಕೆ ಕಣ್ಣು ಯಾಕಣ್ಣ? ನೀನು ಜ್ವರದಲ್ಲಿ ಮಲಗಿದಾಗ ನೋಡ್ಕೊಂಡಿದ್ದು ಯಾರು?”

ಅವನು ಎದ್ದು ಬಂದು ಚೀಲವನ್ನು ಅವಳ ಕೈಗಿತ್ತ. ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು ಅವಳು ಒಂದೊಂದೇ ಬ್ಯಾಟರಿ ತೆಗೆದು, ಹೆಬ್ಬೆರಳಿನಿಂದ ಬೆನ್ನು, ಹೊಟ್ಟೆ ಸವರಿ, ಸಾಲಾಗಿ ಇಡುತ್ತ ಹೋದಳು. ಒಂದರ ಬಳಿ ಬೆರಳು ನಿಂತಿತು. ಮತ್ತೆ ಸವರಿದಳು. ಮೇಜಿನ ಮೇಲಿಟ್ಟು ಮೂಲೆಯನ್ನು ಮೆಲ್ಲಗೆ ತಳ್ಳಿದಳು. ಉಳಿದವು ತಳ್ಳಿದರೆ ಜರುಗುತ್ತಿದ್ದವು ಅಷ್ಟೇ. ಇದು ನಿಂತಲ್ಲೇ ಒಂದು ಸುತ್ತು ತಿರುಗಿತು.

“ಇದಕ್ಕೆ ಹೊಟ್ಟೆ ಬಂದಿದೆ.”

“ಸಾಧ್ಯವೇ ಇಲ್ಲ! ಮೊನ್ನೆ ತಾನೇ ಒರೆಸಿಟ್ಟಿದ್ದೀನಿ.” ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಏನೂ ಕಾಣಲಿಲ್ಲ. ಕೊನೆಗೆ ತನ್ನ ಉಕ್ಕಿನ ಸ್ಕೇಲನ್ನು ಅದರ ಮೈಮೇಲೆ ಅಡ್ಡ ಇಟ್ಟು ಬಗ್ಗಿ ನೋಡಿದ. ಸ್ಕೇಲು ನಡುವೆ ಮಾತ್ರ ತಾಗಿತ್ತು. ಎರಡೂ ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಹುದೆಂಬುದು ಅವನಿಗೆ ಗೊತ್ತಿತ್ತು. ಮುಖ ಸಣ್ಣದಾಯಿತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಎಂದಳು, “ಹೊಟ್ಟೆ ಬಂದಿದ್ದು ಅವರಿಗೆಲ್ಲಿ ಗೊತ್ತಾಗಬೇಕು? ತಮ್ಮದೇ ಇನ್ನೂ ಗೊತ್ತಾಗಿಲ್ಲ!”

ಮೂವರೂ ನಕ್ಕರು. ನಗು ಇಳಿದ ಮೇಲೆ ಟೈಲರ್ ಆ ಬ್ಯಾಟರಿಯನ್ನು ಮರಳಿನ ಡಬ್ಬಿಯಲ್ಲಿ ಹಾಕಿ ಹಿತ್ತಲಿನ ಕಲ್ಲಿನ ಮೇಲಿಟ್ಟು ಬಂದ. ಖಾಲಿ ಚೀಲ ಕೈಗೆತ್ತಿಕೊಂಡು ಕೇಳಿದ, “ಚಾರ್ಜ್ ಆದದ್ದರ ಜೇಬಿಗೆ ನಾನು ಕೆಂಪು ದಾರ ಕಟ್ತಿದ್ದೆ. ನಿನಗೆ ಏನು ಮಾಡ್ಲಿ?”

“ಎಲ್ಲ ಜೇಬಿಗೂ ಗುಂಡಿ ಇಟ್ಟುಕೊಡು. ಗುಂಡಿ ಹಾಕಿದ್ರೆ ಚಾರ್ಜ್ ಆಗಿದೆ ಅಂತ. ಬಿಚ್ಚಿದ್ರೆ ಇನ್ನೂ ಆಗಬೇಕು ಅಂತ.”

ಅವನು ಮದುಮಗನೊಬ್ಬನ ಕೋಟಿಗೆಂದು ಎತ್ತಿಟ್ಟಿದ್ದ ಗುಂಡಿಗಳನ್ನೇ ತೆಗೆದ. ಒಂದೊಂದನ್ನೂ ಬಿಗಿಯಾಗಿ ಹೊಲಿದು, ಎಳೆದು ನೋಡಿ, ಹಲ್ಲಿನಿಂದ ದಾರ ಕತ್ತರಿಸಿದ. ಮದುಮಗನ ಕೋಟು ಕಾಯಲಿ ಎಂದುಕೊಂಡ.

ನಿಲ್ದಾಣದಲ್ಲಿ ಬಸ್ಸು ಬಿಸಿಲಿಗೆ ನಿಂತು ಕಾದಿತ್ತು. ತಂಗಿ ಕೋಲು ಮಡಚಿ ಕಿಟಕಿಯ ಪಕ್ಕದ ಸೀಟು ಹಿಡಿದಳು. ಟೈಲರ್ ಹೊರಗೆ, ಕಿಟಕಿಯ ಕೆಳಗೆ ನಿಂತ. ಕಂಡಕ್ಟರ್ ಅವಳ ಮಡಿಲಲ್ಲಿದ್ದ ಚೀಲಕ್ಕೆ ಕೈಹಾಕಿದ.

“ಕೊಡಮ್ಮಾ, ಮೇಲಿಡ್ತೀನಿ.”

“ಬೇಡ ಸಾರ್. ಮೇಲೆ ತಗಡು ಕಾದಿರುತ್ತೆ.”

“ಅಬ್ಬಾ, ಏನು ಜೋಪಾನ! ಒಳಗೇನು ಬಂಗಾರವಾ?”

“ಬಂಗಾರ ಆಗಿದ್ರೆ ಕೊಟ್ಟುಬಿಡ್ತಿದ್ದೆ ಸಾರ್. ಅದಕ್ಕೆ ಕಾವು ತಾಗಿದ್ರೆ ಏನಾಗುತ್ತೆ?”

ಅಕ್ಕಪಕ್ಕದ ಸೀಟಿನವರು ಗೊಳ್ಳೆಂದು ನಕ್ಕರು. ಕಂಡಕ್ಟರನೂ ನಕ್ಕು ಸೀಟಿ ಊದಿದ. ಬಸ್ಸು ಹೊರಳಿಕೊಂಡು ರಸ್ತೆಗಿಳಿಯಿತು. ಅದು ಮರೆಯಾಗುವವರೆಗೂ ನೋಡಿದ ಟೈಲರ್, ಬೇರೆ ಬಸ್ಸಿಗಾಗಿ ಕಾಯುತ್ತಿದ್ದ ಯಾರೋ ಅಪರಿಚಿತನ ಕಡೆ ತಿರುಗಿ, ಆತ ಏನೂ ಕೇಳದಿದ್ದರೂ ಹೇಳಿದ:

“ಅವಳು ನನ್ನ ತಂಗಿ.”