ಯಾರೂ ಆಡದ ಪದ

ಸತ್ತವರು ಅಮಾವಾಸ್ಯೆಯ ಸಂಜೆ ಮನೆಗೆ ಬರುತ್ತಿದ್ದರು. ಆದರೆ ಬದುಕಿರುವವರು ಒಮ್ಮೆ ಆಡಿದ ಪದ ಅವರ ಬಾಯಿಂದ ಹೊರಡುತ್ತಿರಲಿಲ್ಲ. ಅದಕ್ಕೇ ವಾರಿಜ, ತೀರಿಕೊಂಡ ಅಕ್ಕನಿಗಾಗಿ ಹೊಸ ಪದಗಳನ್ನು ಹುಟ್ಟಿಸಿ, ಉಚ್ಚರಿಸದೆ ರಟ್ಟಿನ ಎಲೆಗಳ ಮೇಲೆ ಬರೆದು, ಜೊತೆಗೆ ಚಿತ್ರದ ಎಲೆಗಳನ್ನೂ ಸೇರಿಸಿ, ಒಂದು ಆಟ ಮಾಡಿದ್ದಳು. ಇವತ್ತು ಅದರ ಮೊದಲ ಪರೀಕ್ಷೆ.

"ಒಂದು ಪದ ಓದಕ್ಕಾ. ಅರ್ಥ ನಿನ್ನಿಷ್ಟ. ಹೊಂದೋ ಚಿತ್ರ ಪಕ್ಕದಲ್ಲಿಡು."

"ತುಮಿರೆ," ಎಂದಳು ಅಕ್ಕ.

ಎಷ್ಟೋ ದಿನಕ್ಕೆ ಕೇಳಿದ ದನಿಗೆ ವಾರಿಜಳ ಕಣ್ಣು ತುಂಬಿತು. ಅಕ್ಕ ಇಟ್ಟ ಚಿತ್ರದಲ್ಲಿ ಇಬ್ಬರು ಕೈಹಿಡಿದು ಹೊಸ್ತಿಲು ದಾಟಿ ಹೊರಹೋಗುತ್ತಿದ್ದರು.

"ತುಮಿರೆ," ಅಕ್ಕ ವಾರಿಜಳತ್ತ ಕೈಚಾಚಿ ಮತ್ತೆ ಕರೆದಳು.

ತೊಟ್ಟಿಲಲ್ಲಿ ವಾರಿಜಳ ಮಗು ಮುಲುಗಿತು. ಆ ಪದ ಇನ್ನು ಅಕ್ಕನ ಬಾಯಲ್ಲಿ ಉಳಿಯಬಾರದೆಂದು ವಾರಿಜ ತಾನೇ ಗಟ್ಟಿಯಾಗಿ, "ತುಮಿರೆ," ಎಂದುಬಿಟ್ಟಳು.

ಅಕ್ಕನ ತುಟಿ ಅಲುಗಿತು, ದನಿ ಬರಲಿಲ್ಲ. ಅವಳು ಚಿತ್ರವನ್ನು ಅಲ್ಲೇ ಬಿಟ್ಟು, ಇನ್ನೊಂದು ಪದದ ಎಲೆಗೆ ಕೈಹಾಕಿದಳು.